ನೆವಿಲ್‌ನ ದಣಿವಿನ ಸಿದ್ಧಾಂತ

"ಇವತ್ತು ಸಂಜೆಯೊಳಗೆ ಈ ನ್ಯೂಕಾಸಲ್ ಊರಿಗೆ ಸಂಗೀತ ಅಂದ್ರೆ ಏನು ಅಂತ ಕಲಿಸಿಬಿಡ್ತೀನಿ!"

ಭಾನುವಾರ ಬೆಳಿಗ್ಗೆ ಅಡುಗೆಮನೆಯ ನಟ್ಟನಡುವೆ ನಿಂತು ನೆವಿಲ್ ಪ್ರಿಚರ್ಡ್ ಈ ಘೋಷಣೆ ಹೊರಡಿಸಿದ. ಒಂದು ಕೈಯಲ್ಲಿ ಚಹಾದ ಮಗ್ಗು, ಇನ್ನೊಂದು ಕೈಯಲ್ಲಿ ಹಳೆಯ ಎಲ್‌ಪಿ ರೆಕಾರ್ಡು. ಕೇಳುವುದಕ್ಕೆ ಇದ್ದ ಪ್ರಜೆ ಒಬ್ಬಳೇ, ಹೆಂಡತಿ ಗ್ಲೆನಿಸ್. ಅವಳು ಇಸ್ತ್ರಿ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ.

"ಊರಿಗೆ ಆಮೇಲೆ ಕಲಿಸು. ಮೊದಲು ಸೂರಿನ ನೀರು ಹರಿಯೋ ತಗಡು ಸರಿಮಾಡು. ಹೋದ ಚಳಿಗಾಲದಿಂದ ನೇತಾಡ್ತಾ ಇದೆ."

"ಮಾಡ್ತೀನಿ ಕಣೇ. ಪ್ರತಿಯೊಂದಕ್ಕೂ ಅದರದ್ದೇ ಒಂದು ಲಯ ಇರುತ್ತೆ."

"ನಿನ್ನ ಲಯ ನೋಡಿ ನೋಡಿ ತಗಡಿಗೇ ಸುಸ್ತಾಗಿದೆ. ಒಂದಿನ ತಾನಾಗೇ ಬೀಳುತ್ತೆ ಬಿಡು."

ಗ್ಲೆನಿಸ್ ಹೇಳಿದ್ದರಲ್ಲಿ ಸುಳ್ಳೇನಿಲ್ಲ. ನೆವಿಲ್ ನಿಧಾನದ ಮನುಷ್ಯ. ಅವನು ಹುಲ್ಲು ಕತ್ತರಿಸಲು ಹೊರಟರೆ, ಹಿತ್ತಿಲಿನ ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿಯಲ್ಲಿ ಮತ್ತೆ ಹುಲ್ಲು ಬೆಳೆದಿರುತ್ತಿತ್ತು! ಕಟ್ಟಿಸಿಕೊಂಡು ಬಂದ ಬಿಸಿ ಮಾಂಸದ ಪೈ ಅವನ ಬಾಯಿಗೆ ಸೇರುವ ಹೊತ್ತಿಗೆ ಸಾಸು ಕೂಡ ಒಣಗಿರುತ್ತಿತ್ತು. ಆದರೆ ಒಂದು ವಿಷಯದಲ್ಲಿ ಮಾತ್ರ ಅವನ ವೇಗಕ್ಕೆ ಸರಿಸಾಟಿ ಇರಲಿಲ್ಲ. ಯಾರಾದರೂ ಅವನೆದುರು ಹಾಡಿನ ಸುದ್ದಿ ಎತ್ತಿದರೆ ಸಾಕು, ಅವರ ಮಾತು ಮುಗಿಯುವ ಮೊದಲೇ ಇವನ ಅಭಿಪ್ರಾಯ ಬಂದು ಅವರೆದುರು ಕುರ್ಚಿ ಎಳೆದುಕೊಂಡು ಕೂತಿರುತ್ತಿತ್ತು.

ಆ ಅಭಿಪ್ರಾಯಗಳೆಲ್ಲ ಸೇರಿ ಒಂದು ಸಿದ್ಧಾಂತವಾಗಿತ್ತು. ಅದಕ್ಕೆ ಅವನು ಇಟ್ಟ ಹೆಸರು 'ದಣಿವಿನ ಸಿದ್ಧಾಂತ'. ಅದರ ಸಾರ ಇಷ್ಟೇ: ಯಾವ ಬ್ಯಾಂಡು ಹೆಚ್ಚು ದಣಿದಿದೆಯೋ ಅದೇ ದೊಡ್ಡ ಬ್ಯಾಂಡು. ಸಂತೋಷವಾಗಿ ಯಾರು ಬೇಕಾದರೂ ಹಾಡಬಹುದು. ಸುಸ್ತಾಗಿ, ಕಾಲೆಳೆದುಕೊಂಡು, ಬದುಕಿನ ಭಾರವನ್ನೆಲ್ಲ ಹೆಗಲ ಮೇಲೆ ಹೊತ್ತು ಹಾಡುವವನೇ ಕಲಾವಿದ! ಈ ಅಳತೆಗೋಲು ಹಿಡಿದು ಅವನು ತನ್ನ ಗೋಡೆಯಗಲದ ಕಪಾಟಿನಲ್ಲಿದ್ದ ರೆಕಾರ್ಡುಗಳಿಗೆಲ್ಲ ಸ್ಥಾನಮಾನ ಹಂಚಿದ್ದ. 'ಟಿನ್ ಚಾಪೆಲ್' ಬ್ಯಾಂಡಿನ ಮೊದಲ ಎಲ್‌ಪಿ ಶ್ರೇಷ್ಠ, ಏಕೆಂದರೆ ಗಿಟಾರಿನವನು ಪ್ರತಿ ಸ್ವರಕ್ಕೂ ಮುಂಚೆ ನಿಟ್ಟುಸಿರು ಬಿಟ್ಟಂತೆ ಕೇಳುತ್ತದೆ. 'ಪೆರಿಗೋ ಸಿಸ್ಟರ್ಸ್' ಅದಕ್ಕಿಂತ ಶ್ರೇಷ್ಠ, ಏಕೆಂದರೆ ಅಕ್ಕತಂಗಿಯರಲ್ಲಿ ಚಿಕ್ಕವಳ ಕಂಠ ಲಾರಿ ಡ್ರೈವರ್ ಕಂಠದ ಹಾಗೆ ಗಡುಸು. "ಹೆಣ್ಣಿನ ಗಂಟಲಲ್ಲಿ ಇಂಥ ನೋವು ಬರಬೇಕಾದ್ರೆ ಎಷ್ಟು ಕಷ್ಟಪಟ್ಟಿರ್ಬೇಕು ಪಾಪ!" ಎಂದು ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದ.

ಅದೇ ಹಾಡುಗಳು ರೇಡಿಯೋದಲ್ಲಿ ಬಂದರೆ ನೆವಿಲ್‌ಗೆ ಮೈಯೆಲ್ಲ ಉರಿ. "ಕೇಳಿದೆಯಾ? ಕೇಳಿದೆಯಾ? ಓಡಿಸ್ತಾ ಇದಾರೆ! ಜಾಹೀರಾತಿಗೆ ಜಾಗ ಮಾಡೋಕೆ ಹಾಡನ್ನ ಬೆದರಿಸಿ ಓಡಿಸ್ತಾ ಇದಾರೆ, ಕಳ್ಳರು!" ಸಿಡಿ ಬಂದಾಗ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. "ಪ್ಲಾಸ್ಟಿಕ್ಕಿಗೆ ಎಲ್ಲಿಂದ ಬರುತ್ತೆ ತಾಳ್ಮೆ?" ಒಮ್ಮೆ ಟಿನ್ ಚಾಪೆಲ್ ತಂಡದವರೇ ಊರಿಗೆ ಬಂದು ಹಾಡಿದಾಗ ಅರ್ಧಕ್ಕೇ ಎದ್ದುಬಂದ. "ಬಸ್ಸು ತಪ್ಪಿಹೋಗುತ್ತೆ ಅನ್ನೋರ ಥರ ಬಾರಿಸ್ತಾ ಇದಾರೆ. ವಯಸ್ಸಾದ ಮೇಲೆ ಆತುರ ಜಾಸ್ತಿಯಾಗಿದೆ ಅವರಿಗೆ."

ನೆವಿಲ್ ನಂಬುತ್ತಿದ್ದದ್ದು ಒಂದನ್ನೇ, ತನ್ನ ರೆಕಾರ್ಡ್ ಪ್ಲೇಯರ್ ಅನ್ನು. ಅವನು ಹುಡುಗನಾಗಿದ್ದಾಗ ಹಡಗಿನಲ್ಲಿ ಕೆಲಸಕ್ಕಿದ್ದ ಕೀತ್ ಮಾವ ಅಮೆರಿಕದಿಂದ ಹೊತ್ತು ತಂದು ಕೊಟ್ಟದ್ದು. ಅಮೆರಿಕದ ಕರೆಂಟಿನ ಒತ್ತಡ ನಮ್ಮದರ ಅರ್ಧದಷ್ಟು, ನೇರವಾಗಿ ಹಾಕಿದರೆ ಸುಟ್ಟುಹೋಗುತ್ತದೆಂದು ಮಾವ ಒಂದು ಭಾರದ ಪೆಟ್ಟಿಗೆಯನ್ನೂ ಕೊಟ್ಟಿದ್ದ. ಗೋಡೆಯ ಕರೆಂಟು ಆ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಪ್ಲೇಯರಿಗೆ. ಪೆಟ್ಟಿಗೆ ಸದಾ 'ಹ್ಞೂಂ' ಎಂದು ಗೊಣಗುತ್ತಿತ್ತು. ಮನೆಯಲ್ಲಿ ನೆವಿಲ್ ಹೇಳಿದ್ದಕ್ಕೆಲ್ಲ ಹ್ಞೂಂ ಅನ್ನುತ್ತಿದ್ದದ್ದು ಅದೊಂದೇ.

ಇನ್ನು ಅವನ ಕೈಯಲ್ಲಿದ್ದ ಎಲ್‌ಪಿ. ಅದೇ ಅವನ ಪ್ರಾಣ. ಈ ಊರಿನದೇ ಆದ 'ಬ್ರೇಕ್‌ವಾಟರ್ ಬಾಯ್ಸ್' ಎಂಬ ಬ್ಯಾಂಡು ತಾನು ಮುರಿದು ಬೀಳುವ ಮೊದಲು ಹೊರತಂದ ಒಂದೇ ಒಂದು ಆಲ್ಬಮ್, 'ಮೂರು ಗಂಟೆ ಸೈರನ್'. ರೇಡಿಯೋದವರು ಅದನ್ನು ಮೂಸಿಯೂ ನೋಡಿರಲಿಲ್ಲ. ಸಿಡಿಯಾಗಿಯೂ ಬರಲಿಲ್ಲ. ನೆವಿಲ್ ಅದನ್ನು ಹಳೆ ಸಾಮಾನಿನ ಅಂಗಡಿಯಲ್ಲಿ ಕಂಡು ಮನೆಗೆ ತಂದು, ಮುಳ್ಳು ಇಟ್ಟು, ಮೊದಲ ಹಾಡು ಮುಗಿಯುವಷ್ಟರಲ್ಲಿ ಅತ್ತಿದ್ದ. ಉಕ್ಕಿನ ಕಾರ್ಖಾನೆಯ ಪಾಳಿ ಮುಗಿಸಿ ಮೂರು ಗಂಟೆಗೆ ಹೊರಬರುವ ಕೆಲಸಗಾರರ ಹಾಡು ಅದು. ಡ್ರಮ್ಮಿನ ಒಂದೊಂದು ಏಟೂ ದಣಿದ ಬೂಟಿನ ಒಂದೊಂದು ಹೆಜ್ಜೆ! ಜಗತ್ತಿನಲ್ಲಿ ಇದಕ್ಕಿಂತ ದಣಿದ ಆಲ್ಬಮ್ ಇಲ್ಲವೆಂದು ಅವತ್ತೇ ತೀರ್ಪು ಕೊಟ್ಟಾಗಿತ್ತು.

ಆ ಬ್ರೇಕ್‌ವಾಟರ್ ಬಾಯ್ಸ್‌ನಲ್ಲಿ ಅಳಿದುಳಿದವರು ಬರುವ ಶನಿವಾರ ಬೌಲಿಂಗ್ ಕ್ಲಬ್ಬಿನಲ್ಲಿ ಮತ್ತೆ ಒಟ್ಟಿಗೆ ಹಾಡುವವರಿದ್ದರು. ಅದಕ್ಕೆ ಮುನ್ನುಡಿಯಾಗಿ ಊರಿನ ಸಮುದಾಯ ರೇಡಿಯೋದಲ್ಲಿ ಇವತ್ತು ಮಧ್ಯಾಹ್ನ ಒಂದು ಗಂಟೆಯ ನೇರ ಪ್ರಸಾರ. ನಡೆಸಿಕೊಡುವವನು ನೆವಿಲ್. ಅತಿಥಿ, ಆ ಡ್ರಮ್ಮರ್ ಲಾಯ್ಡ್ ಟ್ಯಾನ್ಸಿ ಸ್ವತಃ!

"ಲಾಯ್ಡ್ ಟ್ಯಾನ್ಸಿ ಬಾಯಿಂದಲೇ ಹೇಳಿಸ್ತೀನಿ ಗ್ಲೆನ್. ಅದು ದಣಿವಿನ ಮಹಾಕಾವ್ಯ ಅಂತ."

ಗ್ಲೆನಿಸ್ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. "ನಾನು ಹದಿನೆಂಟರಲ್ಲಿ ಅವರ ಹಾಡನ್ನ ಬಂದರಿನ ಹತ್ತಿರದ ಪಬ್ಬಲ್ಲಿ ಕೇಳಿದೀನಿ. ಇಷ್ಟು ನಿಧಾನ ಇರ್ಲಿಲ್ಲ. ಎಷ್ಟು ಸಲ ಹೇಳ್ಬೇಕು ನಿಂಗೆ?"

"ಅವತ್ತು ನೀನು ಬಿಯರ್ ಕುಡಿದಿದ್ದೆ."

"ಕುಡಿದ್ರೆ ಹಾಡು ಬೇಗ ಆಗುತ್ತಾ?"

"ಮತ್ತೆ ನಮ್ಮ ಮದುವೇಲಿ ಏನಾಯ್ತು? ಇಡೀ ಊರೇ ನೋಡ್ತಲ್ಲ!"

ಮದುವೆಯ ಮಾತು ಬಂದರೆ ಗ್ಲೆನಿಸ್ ಸುಮ್ಮನಾಗಿಬಿಡುತ್ತಿದ್ದಳು. ಮದುವೆಯ ದಿನ ಎಲ್ಲರಿಗಿಂತ ಮೊದಲು ಗಂಡು ಹೆಣ್ಣು ಕುಣಿಯಬೇಕಲ್ಲ, ಆ ಕುಣಿತಕ್ಕೆ ನೆವಿಲ್ ಹಟ ಹಿಡಿದು ಇದೇ ಹಾಡು ಇಟ್ಟಿದ್ದ, ಚರ್ಚಿನ ಸಭಾಂಗಣಕ್ಕೆ ಇದೇ ಪ್ಲೇಯರ್ ಹೊತ್ತು ತಂದು. ಗ್ಲೆನಿಸ್ ಪಬ್ಬಿನಲ್ಲಿ ಕೇಳಿದ ನೆನಪಿನ ಮೇಲೆ ತಂಗಿಯ ಜೊತೆ ವಾರಗಟ್ಟಲೆ ಹೆಜ್ಜೆ ಕಲಿತಿದ್ದಳು. ಮುಳ್ಳು ಇಟ್ಟದ್ದೇ ತಡ, ಅವಳು ಗಿರ್ರನೆ ತಿರುಗಿದಳು, ಹಾಡು ತೆವಳಿತು. ಅವಳ ಹೆಜ್ಜೆಗಳೆಲ್ಲ ಮುಗಿದುಹೋದರೂ ಹಾಡಿನ ಅರ್ಧ ಬಾಕಿ! ಸುಮ್ಮನೆ ನಿಂತವಳ ಕಾಲ ಮೇಲೆ ನೆವಿಲ್ ಮೆಲ್ಲಗೆ ಕಾಲಿಟ್ಟ. ಚಿಕ್ಕಮ್ಮಂದಿರೆಲ್ಲ ಕಿಸಕ್ಕನೆ ನಕ್ಕರು. ಅವತ್ತಿನಿಂದ ಗ್ಲೆನಿಸ್‌ಗೆ ತಾಳಜ್ಞಾನವಿಲ್ಲ ಎಂಬುದು ಎರಡೂ ಕುಟುಂಬಗಳು ಒಪ್ಪಿದ ಏಕೈಕ ವಿಷಯವಾಯಿತು. ಆಮೇಲೆ ಅವಳು ಯಾರ ಮದುವೆಯಲ್ಲೂ ಕುಣಿಯಲಿಲ್ಲ. ಸ್ಯಾಂಡ್‌ವಿಚ್ ಹಂಚುವ ಕೆಲಸ ಮೈಮೇಲೆ ಹಾಕಿಕೊಂಡು ಅಡುಗೆಮನೆ ಸೇರುತ್ತಿದ್ದಳು. ಕುಣಿಯುವ ಆಸೆ ಮಾತ್ರ ಹೋಗಿರಲಿಲ್ಲ, ಅದು ನೆವಿಲ್‌ಗೂ ಗೊತ್ತಿತ್ತು.

"ಸರಿ," ಎಂದಳು ಈಗ. "ಲಾಯ್ಡ್ ಟ್ಯಾನ್ಸಿ ನಿನ್ನ ಮಾತು ಹೌದು ಅಂದ್ರೆ, ನಂಗೆ ತಾಳ ಗೊತ್ತಿಲ್ಲ ಅಂತ ನಾನೂ ಒಪ್ಕೊಂಡು ಸಾಯೋವರೆಗೂ ಬಾಯಿ ಮುಚ್ಕೊಂಡಿರ್ತೀನಿ. ಇಲ್ಲ ಅಂದ್ರೆ?"

"ಇಲ್ಲ ಅನ್ನೋದೇ ಇಲ್ಲ."

"ಅಂದ್ರೆ?"

"ಅಂದ್ರೆ ಶನಿವಾರ ಕ್ಲಬ್ಬಲ್ಲಿ ಎಲ್ಲರೆದುರು ನಿನ್ನ ಜೊತೆ ಆ ಹಾಡಿಗೆ ಪೂರ್ತಿ ಕುಣೀತೀನಿ. ಸರೀನಾ?"

"ರೇಡಿಯೋ ಹಾಕ್ಕೊಂಡು ಕೇಳ್ತಿರ್ತೀನಿ," ಎಂದು ಗ್ಲೆನಿಸ್ ಮತ್ತೊಂದು ಅಂಗಿ ಎಳೆದುಕೊಂಡಳು.

ರೇಡಿಯೋ ಕೇಂದ್ರ ಇದ್ದದ್ದು ಬಟ್ಟೆ ತೊಳೆಯುವ ಅಂಗಡಿಯೊಂದರ ಮಹಡಿಯಲ್ಲಿ. ಕೆಳಗೆ ಯಂತ್ರಗಳು ಬಟ್ಟೆ ಹಿಂಡಲು ಶುರುಮಾಡಿದರೆ ಮೇಲೆ ವಾರ್ತೆ ಓದುವವರ ದನಿ ನಡುಗುತ್ತಿತ್ತು. ಅದನ್ನೆಲ್ಲ ನೋಡಿಕೊಳ್ಳುವವಳು ರೋಸ್ಲಿನ್. ಸಂಬಳವಿಲ್ಲದ ಕೆಲಸ. ಊರಿನ ಸಂಗೀತಪ್ರೇಮಿಗಳೆಲ್ಲರ ಅಭಿಪ್ರಾಯಗಳನ್ನು ಕೇಳಿ ಕೇಳಿ ಅವಳ ಮುಖಕ್ಕೆ ಒಂದು ಶಾಶ್ವತವಾದ ಆಯಾಸ ಬಂದುಬಿಟ್ಟಿತ್ತು. ಅದನ್ನು ಕಂಡೇ ನೆವಿಲ್‌ಗೆ ಅವಳ ಮೇಲೆ ಗೌರವ.

"ನಿನ್ನ ಪೀಠಿಕೆ ಚಿಕ್ಕದಾಗಿರ್ಲಿ ನೆವ್. ಹೋದ ಸಲ ನೀನು ಪೀಠಿಕೆ ಮುಗಿಸೋ ಹೊತ್ತಿಗೆ ಕಾರ್ಯಕ್ರಮವೇ ಮುಗಿದಿತ್ತು."

ಲಾಯ್ಡ್ ಟ್ಯಾನ್ಸಿ ಆಗಲೇ ಬಂದು ಕೂತಿದ್ದ. ಹುಲ್ಲಿನ ಮೇಲೆ ಚೆಂಡು ಉರುಳಿಸುವ ಬೌಲಿಂಗ್ ಆಟದಿಂದ ನೇರವಾಗಿ ಬಂದದ್ದರಿಂದ ಮೈಮೇಲೆ ಬಿಳಿ ಅಂಗಿ, ಬಿಳಿ ಚಡ್ಡಿ, ಬಿಳಿ ಟೋಪಿ. ಕಿವಿಯಲ್ಲಿ ಶ್ರವಣಯಂತ್ರ. ಎದುರಿಗೆ ರೋಸ್ಲಿನ್ ಇಟ್ಟ ತಟ್ಟೆ ತುಂಬ ಲ್ಯಾಮಿಂಗ್ಟನ್ ಕೇಕು. ಮೇಲಿನ ತೆಂಗಿನ ತುರಿ ಚಡ್ಡಿಯ ಮೇಲೆಲ್ಲ ಉದುರಿತ್ತು. ನೆವಿಲ್ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಈ ಕೈ! ಆ ದಣಿದ ಹೆಜ್ಜೆಗಳನ್ನು ಬಾರಿಸಿದ ಕೈ ಇದೇ!

"ಕೈ ಬಿಡು ಗುರೂ, ಕೇಕ್ ತಿನ್ಬೇಕು," ಎಂದ ಲಾಯ್ಡ್.

ಕೆಂಪು ದೀಪ ಹತ್ತಿತು. ನೆವಿಲ್ ಗಂಟಲು ಸರಿಪಡಿಸಿಕೊಂಡು ಶುರುಮಾಡಿದ. ಸಂಗೀತವೆಂಬ ಮಹಾಸಾಗರದಿಂದ ಹೊರಟು, ಉಕ್ಕಿನ ಕುಲುಮೆಯನ್ನು ಹಾದು, ಮಾನವಕುಲದ ದಣಿವಿಗೆ ಬಂದು ತಲುಪಿದ. "ಕೇಳುಗರೇ, ಈ ಹಾಡಿನಲ್ಲಿ 'ಓಡೋ ಓಡೋ ಹುಡುಗ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಆದರೆ ಗಮನಿಸಿ, ಅವನು ಓಡಲಾರ! ಅವನ ಕಾಲಲ್ಲಿ ಶಕ್ತಿಯಿಲ್ಲ! ಅದೇ ಈ ಹಾಡಿನ ದುರಂತ! ಇನ್ನು ಹಾಡುಗಾರ, ಸಿಗರೇಟು ಸೇದಿ ಸೇದಿ ಗಂಟಲು ಸುಟ್ಟುಕೊಂಡ ಆ ಹಿರಿಯ ಜೀವ..."

ಲಾಯ್ಡ್ ಕೇಕು ಅಗಿಯುವುದನ್ನು ನಿಲ್ಲಿಸಿ ಕಣ್ಣು ಕಣ್ಣು ಬಿಟ್ಟ.

"...ಬನ್ನಿ, ಕೇಳೋಣ!"

ರೋಸ್ಲಿನ್ ಅವನ ಎಲ್‌ಪಿಯನ್ನು ಕೇಂದ್ರದ ಪ್ಲೇಯರಿಗೆ ಹಾಕಿ ಮುಳ್ಳು ಇಟ್ಟಳು. ಸೈರನ್ ಕೂಗಿತು. ಅದಾದದ್ದೇ ತಡ, ಡ್ರಮ್ಮು ದಡಬಡ ದಡಬಡ ಎಂದು ಓಟ ಕಿತ್ತಿತು! ಗಿಟಾರು ಅದರ ಬೆನ್ನು ಹತ್ತಿತು. ಯಾವನೋ ಚಿಗುರುಮೀಸೆಯ ಪೋರ "ಓಡೋ ಓಡೋ ಹುಡುಗ" ಎಂದು ಕೇಕೆ ಹಾಕಿದ. ಲಾಯ್ಡ್‌ನ ಬಿಳಿ ಬೂಟು ತಾನಾಗಿ ಕುಣಿಯತೊಡಗಿತು.

ನೆವಿಲ್ ಬೆಚ್ಚಿಬಿದ್ದು ಎದ್ದು ನಿಂತ. "ನಿಲ್ಸು! ನಿಲ್ಸೇ! ನಲವತ್ತೈದರ ವೇಗಕ್ಕೆ ಹಾಕಿದೀಯ!"

"ಎಲ್‌ಪಿ ವೇಗ ಮೂವತ್ಮೂರಲ್ಲೇ ಇದೆ, ನೋಡ್ಕೋ."

"ಹಾಗಾದ್ರೆ ನಿನ್ನ ಮೆಷಿನ್ನು ಕೆಟ್ಟಿದೆ!"

"ಬೆಳಿಗ್ಗೆ ಇದರಲ್ಲೇ ಚರ್ಚಿನ ಭಜನೆ ಹಾಕಿದ್ದೆ. ದೇವರು ಕಂಪ್ಲೇಂಟ್ ಮಾಡ್ಲಿಲ್ಲ."

"ನೆವ್," ರೋಸ್ಲಿನ್ ಮೆಲ್ಲಗೆ ಸೇರಿಸಿದಳು, "ದೀಪ ಇನ್ನೂ ಕೆಂಪಾಗೇ ಇದೆ."

ಊರೆಲ್ಲ ಕೇಳುತ್ತಿತ್ತು. ಅಲ್ಲಿಗೇ ನಕ್ಕು ಸುಮ್ಮನಾಗಿದ್ದರೆ ಇಷ್ಟು ಕಥೆಯೇ ಇರಲಿಲ್ಲ. ಆದರೆ ನೆವಿಲ್‌ನ ಪೌರುಷ ಕೆರಳಿತ್ತು. ಮೈಕನ್ನು ಬಾಚಿ ಹಿಡಿದು, "ಮಾನ್ಯ ಕೇಳುಗರೇ, ಈ ಕೇಂದ್ರದ ಯಂತ್ರದಲ್ಲಿ ದೋಷ ಕಂಡುಬಂದಿದೆ. ನಿಜವಾದ ಹಾಡನ್ನು ನನ್ನ ಸ್ವಂತ ಪ್ಲೇಯರಿನಲ್ಲಿ ನಿಮಗೆ ಕೇಳಿಸುತ್ತೇನೆ. ಗ್ಲೆನ್! ಗ್ಲೆನಿಸ್! ಕೇಳ್ತಾ ಇದೀಯಲ್ಲ? ನನ್ನ ಪ್ಲೇಯರ್ ತಗೊಂಡು ಬೇಗ ಬಾ! ಆ ಗೊಣಗೋ ಪೆಟ್ಟಿಗೆ ಮರೀಬೇಡ!" ಎಂದುಬಿಟ್ಟ.

ನೇರ ಪ್ರಸಾರದಲ್ಲಿ ಹೆಂಡತಿಗೆ ಸಾಮಾನು ತರಲು ಹೇಳಿದ್ದು ಆ ಕೇಂದ್ರದ ಇತಿಹಾಸದಲ್ಲೇ ಮೊದಲು. ತಕ್ಷಣ ಫೋನು ಬಡಿದುಕೊಂಡಿತು. ಗ್ಲೆನಿಸ್ ಅಲ್ಲ, ಯಾರೋ ಕೇಳುಗ. "ಬರುವಾಗ ಹಾಲು ತರೋಕೂ ಹೇಳಿ" ಎಂದು ಇಟ್ಟುಬಿಟ್ಟ.

ಅವಳು ಬರುವವರೆಗೆ ಹೊತ್ತು ಕಳೆಯಬೇಕಲ್ಲ, ರೋಸ್ಲಿನ್ ಲಾಯ್ಡ್‌ನ ಕಡೆ ಮೈಕು ತಿರುಗಿಸಿದಳು. "ಹಾಡು ಹುಟ್ಟಿದ ಕಥೆ ಹೇಳಿ ಲಾಯ್ಡ್."

"ಕಥೆ ಏನು ಬಂತು? ಮೂರು ಗಂಟೆಗೆ ಸೈರನ್ ಆಗೋದು. ಗೇಟಿಂದ ಪಬ್ಬಿಗೆ ಓಡೋದು. ಮೊದಲು ಮುಟ್ಟಿದವನಿಗೆ ಕಿಟಕಿ ಪಕ್ಕದ ಜಾಗ. ಆ ಓಟದ ಹಾಡು ಅದು, ಅಷ್ಟೇ."

ನೆವಿಲ್ ದೊಡ್ಡ ಮನಸ್ಸು ಮಾಡಿ ಮುಗುಳ್ನಕ್ಕ. "ಕಲಾವಿದರಿಗೆ ತಾವು ಮಾಡಿದ್ದು ಏನು ಅಂತ ಎಷ್ಟೋ ಸಲ ಗೊತ್ತಿರಲ್ಲ."

"ಹೌದಾ?"

"ಆ ಹಾಡುಗಾರರು ಈಗಿಲ್ಲ ಅನ್ಸುತ್ತೆ. ಆಗಲೇ ಅಷ್ಟು ವಯಸ್ಸಾಗಿತ್ತು..."

"ಯಾರು, ನಮ್ಮ ಡೆನ್ನಿಯಾ? ಆಗ ಅವನಿಗೆ ಹತ್ತೊಂಬತ್ತು. ಸಿಗರೇಟಿನ ಹೊಗೆ ಕಂಡ್ರೆ ಕೆಮ್ಮೋನು. ಶನಿವಾರ ಬರ್ತಾನಲ್ಲ, ನೀನೇ ಕೇಳು."

ನೆವಿಲ್ ಲಾಯ್ಡ್‌ನ ಕಿವಿಯ ಕಡೆ ಬಾಗಿ ಜೋರಾಗಿ ಕೇಳಿದ. "ನಿಮ್ಮ ಶ್ರವಣಯಂತ್ರ ಸರಿಯಾಗಿದೆಯಾ?"

"ನಿನ್ನ ಮಾತು ಕೇಳಿಸ್ತಾ ಇದೆಯಲ್ಲ, ಅದೇ ಅದರ ದೊಡ್ಡ ತೊಂದರೆ," ಎಂದು ಲಾಯ್ಡ್ ಇನ್ನೊಂದು ಲ್ಯಾಮಿಂಗ್ಟನ್ ತೆಗೆದುಕೊಂಡ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಗ್ಲೆನಿಸ್! ಕಾರಿನ ಮುಂದಿನ ಸೀಟಿನಲ್ಲಿ ಬೆಲ್ಟು ಬಿಗಿದು ಕೂರಿಸಿಕೊಂಡು ತಂದ ಪ್ಲೇಯರನ್ನು ತೊಟ್ಟಿಲ ಕೂಸಿನಂತೆ ತಬ್ಬಿ, ಮೊಣಕೈಗೆ ಗೊಣಗೋ ಪೆಟ್ಟಿಗೆಯ ಚೀಲ ನೇತುಹಾಕಿಕೊಂಡು ಬಂದಿದ್ದಳು. ತಲೆಯ ತುಂಬ ಧೂಳು, ಜೇಡರ ಬಲೆ. ಆ ಪ್ಲೇಯರಿನ ಅಡಿ ಗುಡಿಸಲು ನೆವಿಲ್ ಯಾವತ್ತೂ ಬಿಟ್ಟವನಲ್ಲ.

"ತಗೋ ನಿನ್ನ ದೇವರನ್ನ," ಎಂದು ಮೇಜಿನ ಮೇಲಿಟ್ಟು ಬೆನ್ನು ಹಿಡಿದುಕೊಂಡು ಕೂತಳು.

ನೆವಿಲ್ ಪೆಟ್ಟಿಗೆಗೆ ಕರೆಂಟು ಕೊಟ್ಟ. ಅದು ಹ್ಞೂಂ ಎಂದಿತು. ಅವನ ಜೀವಕ್ಕೆ ಸಮಾಧಾನವಾಯಿತು. ಮುಳ್ಳು ಇಟ್ಟ. ಸೈರನ್ ಕೂಗಿತು, ಯಾವುದೋ ಮುದಿ ಹಸು ದೂರದಲ್ಲಿ ನರಳಿದ ಹಾಗೆ. ಡ್ರಮ್ಮು ಬಂತು. ದಡ್... ಬಡ್... ದಡ್... ಬಡ್... "ಓ...ಡೋ... ಓ...ಡೋ... ಹು...ಡು...ಗ..." ನೆವಿಲ್ ಕಣ್ಣು ಮುಚ್ಚಿದ. ಆಹಾ! ಇದು! ಇದು ಸಂಗೀತ! ಒಂದು ಕೈ ಎತ್ತಿ ಗಾಳಿಯಲ್ಲಿ ತೇಲಿಸಿದ. ಕಣ್ಣು ತೆರೆದಾಗ ಲಾಯ್ಡ್ ಟ್ಯಾನ್ಸಿ ತಲೆಯ ಮೇಲಿನ ಟೋಪಿ ತೆಗೆದು ಎದೆಗೆ ಹಿಡಿದುಕೊಂಡಿದ್ದ.

ಒಪ್ಪಿದ! ಕೊನೆಗೂ ಒಪ್ಪಿದ! ನೆವಿಲ್ ಮೈಕನ್ನು ಅವನ ಬಾಯಿಯ ಹತ್ತಿರಕ್ಕೆ ತಳ್ಳಿದ. "ಹೇಳಿ ಲಾಯ್ಡ್. ಏನನ್ನಿಸ್ತಾ ಇದೆ?"

"ಪಾಪ," ಎಂದ ಲಾಯ್ಡ್. "ಯಾರು ಹೋದ್ರು?"

"ಹಾಂ?"

"ಇದು ಯಾರದೋ ಸಾವಿಗೆ ಹಾಕೋ ಹಾಡಲ್ವಾ?"

"ಇದು ನೀವೇ! ನಿಮ್ಮದೇ ಹಾಡು!"

ಲಾಯ್ಡ್ ಇನ್ನೊಂದು ಸಾಲು ಕೇಳಿದ. ಮುಖ ಬಿಳುಚಿಕೊಂಡಿತು. "ಗುರೂ, ಅವತ್ತು ನಾವು ಒಂಚೂರು ಕುಡಿದಿದ್ವಿ, ಇಲ್ಲ ಅನ್ನಲ್ಲ. ಆದ್ರೆ ಇಷ್ಟು ಕುಡಿದಿರ್ಲಿಲ್ಲ!"

ಫೋನು ಮತ್ತೆ ಬಡಿದುಕೊಂಡಿತು. ವೃದ್ಧಾಶ್ರಮದ ನರ್ಸು. "ದಯವಿಟ್ಟು ಮೊದಲಿನ ಥರಾನೇ ಹಾಕಿ. ಆವಾಗ ಎಲ್ಲರೂ ಎದ್ದು ಕೂತು ಚಪ್ಪಾಳೆ ತಟ್ತಾ ಇದ್ರು. ಈಗ ಸಾಲಾಗಿ ಮಲಗಿಬಿಟ್ಟಿದಾರೆ."

ರೋಸ್ಲಿನ್ ಫೋನು ಇಟ್ಟಳು. ಗೊಣಗೋ ಪೆಟ್ಟಿಗೆಯನ್ನು ನೋಡಿದಳು, ಪ್ಲೇಯರನ್ನು ನೋಡಿದಳು, ನೆವಿಲ್‌ನ ಮುಖ ನೋಡಿದಳು. "ನೆವ್, ಇದು ಅಮೆರಿಕದ್ದಾ?"

"ಕೀತ್ ಮಾವ ತಂದದ್ದು. ಅಸಲಿ!"

"ಪೆಟ್ಟಿಗೆ ಒತ್ತಡ ಇಳಿಸುತ್ತೆ ಕಣಪ್ಪ, ಸರಿ. ಆದ್ರೆ ಅಮೆರಿಕದ ಕರೆಂಟು ಸೆಕೆಂಡಿಗೆ ಅರವತ್ತು ಸಲ ಮಿಡಿಯುತ್ತೆ. ನಮ್ಮದು ಐವತ್ತು ಸಲ. ಈ ಹಳೇ ಮೋಟರು ಆ ಮಿಡಿತ ಎಣಿಸ್ಕೊಂಡೇ ತಿರುಗೋದು. ಆ ಪೆಟ್ಟಿಗೆ ಮಿಡಿತ ಬದಲಾಯಿಸಲ್ಲ."

"ಅಂದ್ರೆ?"

"ಅಂದ್ರೆ ನೀನು ಮನೇಲಿ ಹಾಕಿದ ಪ್ರತಿಯೊಂದು ಹಾಡೂ ನಿಧಾನ. ಹುಡುಗನಾಗಿದ್ದಾಗಿನಿಂದ."

ಕೆಳಗೆ ಬಟ್ಟೆ ಹಿಂಡುವ ಯಂತ್ರ ಗಡಗಡ ನಡುಗಿ ನಿಂತಿತು. ನೆವಿಲ್ ಕುರ್ಚಿಯಲ್ಲಿ ಕುಸಿದ. ಅವನ ಕಣ್ಣ ಮುಂದೆ ಗೋಡೆಯಗಲದ ಆ ಕಪಾಟು ಒಂದೊಂದೇ ಅರೆಯಾಗಿ ಕಳಚಿ ಬೀಳತೊಡಗಿತು. ಟಿನ್ ಚಾಪೆಲ್‌ನ ನಿಟ್ಟುಸಿರು, ಪೆರಿಗೋ ತಂಗಿಯ ಲಾರಿ ಡ್ರೈವರ್ ಕಂಠ, ಸುಟ್ಟ ಗಂಟಲಿನ ಹಿರಿಯ ಜೀವ, ಎಲ್ಲ ಸುಳ್ಳು! ರೇಡಿಯೋದವರು ಕಳ್ಳರಲ್ಲ. ಯಾರಿಗೂ ಬಸ್ಸಿಗೆ ಹೊತ್ತಾಗಿರಲಿಲ್ಲ. ಇಡೀ ಜಗತ್ತು ಸರಿಯಾದ ವೇಗದಲ್ಲೇ ಹಾಡುತ್ತಿತ್ತು, ದಣಿದದ್ದು ಅವನ ಮನೆಯ ಮೋಟರೊಂದೇ! ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಸುಸ್ತಾಯಿತು. ಈ ವಯಸ್ಸಿನಲ್ಲಿ ಎಲ್ಲ ಅಭಿಪ್ರಾಯಗಳನ್ನೂ ಮೊದಲಿನಿಂದ ಕಟ್ಟಬೇಕಲ್ಲ!

"ಟಿನ್ ಚಾಪೆಲ್ ಕೂಡಾನಾ?" ಎಂದ ಸಣ್ಣ ದನಿಯಲ್ಲಿ.

"ಟಿನ್ ಚಾಪೆಲ್ ಕೂಡ," ಎಂದಳು ರೋಸ್ಲಿನ್.

"ಪೆರಿಗೋ ತಂಗಿ?"

"ಅವಳದ್ದು ಹಕ್ಕಿ ಥರ ಕಂಠ ನೆವ್."

ಲಾಯ್ಡ್‌ಗೆ ಪಾಪ ಅನ್ನಿಸಿರಬೇಕು. ತಟ್ಟೆಯಲ್ಲಿ ಉಳಿದಿದ್ದ ಕಡೆಯ ಲ್ಯಾಮಿಂಗ್ಟನ್ ಅನ್ನು ಇವನ ಕಡೆ ತಳ್ಳಿದ. "ಬೇಜಾರು ಮಾಡ್ಕೋಬೇಡ ಗುರೂ. ನಮ್ಮ ರೆಕಾರ್ಡನ್ನ ಇಷ್ಟು ಹೊತ್ತು ಕೂತು ಕೇಳಿದವನು ನೀನೊಬ್ಬನೇ. ನಾವಾದ್ರೂ ಬಾರಿಸಿ ಬೇಗ ಮುಗಿಸಿದ್ವಿ."

ನೆವಿಲ್ ಹೆಂಡತಿಯ ಕಡೆ ತಿರುಗಿದ. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿರುತ್ತಾಳೆ ಅಂದುಕೊಂಡಿದ್ದ. ಗ್ಲೆನಿಸ್ ನಗುತ್ತಿರಲಿಲ್ಲ. ಜೇಡರ ಬಲೆ ಮೆತ್ತಿದ ತಲೆಯನ್ನು ಒಂದು ಕಡೆಗೆ ವಾಲಿಸಿ, ಆ ಪ್ಲೇಟು ತೆವಳುತ್ತ ತಿರುಗುವುದನ್ನೇ ನೋಡುತ್ತಿದ್ದಳು.

"ಹಾಗಾದ್ರೆ ಅವತ್ತು ನಾನು ಸರಿಯಾಗೇ ಕುಣಿದಿದ್ದೆ," ಎಂದಳು ಮೆಲ್ಲಗೆ. ಅವಳ ಕಣ್ಣಂಚು ಒದ್ದೆಯಾಗಿತ್ತು. "ನಮ್ಮಮ್ಮ ಹೋಗೋವರೆಗೂ ಅದನ್ನ ಹೇಳಿ ನಗ್ತಿದ್ಲು."

"ಸರಿಯಾಗೇ ಕುಣಿದಿದ್ದೆ ಗ್ಲೆನ್," ಎಂದ ನೆವಿಲ್. ಮೈಕಿನಲ್ಲೇ ಹೇಳಿದ. ಊರಿಗೆ ಕಲಿಸಿಬಿಡುತ್ತೇನೆಂದು ಹೊರಟವನು ಕೊನೆಗೂ ಊರಿಗೆ ತಿಳಿಸಿದ ನಿಜ ಅದೊಂದೇ.

ರೋಸ್ಲಿನ್ ಕೆಂಪು ದೀಪ ಆರಿಸಿದಳು. ಗ್ಲೆನಿಸ್ ಕಣ್ಣೊರೆಸಿಕೊಂಡು ಎದ್ದಳು. ಅಷ್ಟು ಹೊತ್ತಿಗೆ ಅವಳ ದನಿ ಎಂದಿನ ದನಿಯಾಗಿತ್ತು. "ಶನಿವಾರ. ಕ್ಲಬ್ಬು. ಪೂರ್ತಿ ಹಾಡು. ನೆನಪಿದೆ ತಾನೇ?"

ಶನಿವಾರ ಕ್ಲಬ್ಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ರೇಡಿಯೋ ಕೇಳಿದವರು ತಮ್ಮ ಜೊತೆಗೆ ಕೇಳದವರನ್ನೂ ಹುಡುಕಿ ಕರೆತಂದಿದ್ದರು. ನೆವಿಲ್ ಪೀಠಿಕೆ ಹಾಕುವವನೆಂದು ನಿಗದಿಯಾಗಿತ್ತು. ಅವನು ವೇದಿಕೆ ಹತ್ತಿ, "ಬ್ರೇಕ್‌ವಾಟರ್ ಬಾಯ್ಸ್," ಎಂದಷ್ಟೇ ಹೇಳಿ ಇಳಿದ. ಅವನ ಜೀವನದಲ್ಲೇ ಅತ್ಯಂತ ಚಿಕ್ಕ ಪೀಠಿಕೆ. ಅದಕ್ಕೇ ದೊಡ್ಡ ಚಪ್ಪಾಳೆ ಬಿತ್ತು.

ಗ್ಲೆನಿಸ್ ನೀಲಿ ಫ್ರಾಕು ಹಾಕಿ ಮಧ್ಯದಲ್ಲಿ ನಿಂತಿದ್ದಳು. ಸೈರನ್ ಕೂಗಿತು. ಲಾಯ್ಡ್ ಟ್ಯಾನ್ಸಿ ಕೋಲು ಎತ್ತಿ ದಡಬಡ ದಡಬಡ ಶುರುಮಾಡಿದ. ಗ್ಲೆನಿಸ್ ಗಿರ್ರನೆ ತಿರುಗಿದಳು! ಒಂದು ಹೆಜ್ಜೆ ತಪ್ಪಲಿಲ್ಲ. ಅಂದು ತಂಗಿಯ ಜೊತೆ ಕಲಿತ ಹೆಜ್ಜೆಗಳು ಕಾಲಿನಲ್ಲೇ ಇಷ್ಟು ದಿನ ಕಾದು ಕೂತಿದ್ದವೇನೋ, ಒಂದರ ಹಿಂದೊಂದು ಹೊರಬಿದ್ದವು. ಊರೇ ಸುತ್ತುಗಟ್ಟಿ ಕೇಕೆ ಹಾಕಿತು. ಚಿಕ್ಕಮ್ಮಂದಿರಲ್ಲಿ ಉಳಿದಿದ್ದವರೊಬ್ಬರು ಗಾಲಿಕುರ್ಚಿಯಲ್ಲಿ ಕೂತು, "ಅಯ್ಯೋ, ನಮ್ಮ ಗ್ಲೆನಿಸ್‌ಗೆ ಯಾವಾಗಿಂದ ತಾಳ ಬಂತು!" ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡರು.

ಮತ್ತೆ ನೆವಿಲ್? ಮೊದಲ ಚರಣಕ್ಕೇ ಅವನ ಎದೆ ಲಾಯ್ಡ್‌ನ ಡ್ರಮ್ಮಿಗಿಂತ ಜೋರಾಗಿ ಬಡಿದುಕೊಳ್ಳತೊಡಗಿತು. ಬಲಗಾಲು ಎತ್ತುವಷ್ಟರಲ್ಲಿ ಎಡಗಾಲಿನ ಸರದಿ ಮುಗಿದುಹೋಗಿರುತ್ತಿತ್ತು. ಎರಡನೆಯ ಚರಣದಲ್ಲಿ ಒಂದು ಮೇಜಿನ ಅಂಚು ಹಿಡಿದುಕೊಂಡ. ಪಲ್ಲವಿ ಮರಳಿ ಬರುವ ಹೊತ್ತಿಗೆ ಕುರ್ಚಿಯಲ್ಲಿ ಬಿದ್ದು, ಬಾಯಿ ಬಿಟ್ಟುಕೊಂಡು, ದಣಿವು ಅಂದರೆ ಏನೆಂದು ಮೊದಲ ಬಾರಿಗೆ ಸ್ವಂತ ಅನುಭವದಿಂದ ತಿಳಿದುಕೊಳ್ಳುತ್ತಿದ್ದ.

"ಗ್ಲೆನ್... ಒಂಚೂರು... ನಿಧಾನ..."

ಗ್ಲೆನಿಸ್ ಅವನೆದುರು ನಿಂತು ಸೊಂಟದ ಮೇಲೆ ಕೈಯಿಟ್ಟಳು. ಅವಳ ಕಾಲು ಇನ್ನೂ ಕುಣಿಯುತ್ತಲೇ ಇತ್ತು. ಆಪಾದಮಸ್ತಕ ಅವನನ್ನು ಒಮ್ಮೆ ನೋಡಿದಳು.

"ಅಲ್ಲಾ ನೆವ್, ನಿಜ ಹೇಳು. ನಿಮ್ಮಮ್ಮ ನಿನ್ನನ್ನೂ ಕೀತ್ ಮಾವನ ಕೈಲಿ ಅಮೆರಿಕದಿಂದಲೇ ತರಿಸಿದ್ರಾ?"